ಮರತೂರಿನ ನೆಲದಾಗ ಪಾಲಿನ ಮಾತು

ಒಬ್ಬರು ಕಂದಾಯ ಇಲಾಖೆಯಿಂದ ನಿವೃತ್ತರಾಗಿ ಚಿತ್ತಾಪುರದಲ್ಲಿ ನೆಲೆಸಿದ ಹಿರಿಯರು. ಇನ್ನೊಬ್ಬರು ವಾಡಿಯಲ್ಲಿ ಶಾಲೆ ಕಲಿಸುವ ಹೆಣ್ಣುಮಗಳು. ಆಕೆಯ ತಂದೆ ಈ ಮಳೆಗಾಲದಲ್ಲಿ ತೀರಿಕೊಂಡರು. ಹಿರಿಯರನ್ನು ಆಕೆ ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುತ್ತಾಳೆ. ಸೇಡಂನಿಂದ ಚಿಂಚೋಳಿಯವರೆಗೆ ಎಷ್ಟೋ ಮನೆಗಳಲ್ಲಿ ಆಗಬೇಕಾದ ಮಾತು ಇದು ಅನ್ನಿಸಿ ಬರೆದಿಟ್ಟಿದ್ದೇನೆ.

— ಕಾಕಾ, ಅಣ್ಣ ಒಂದು ಕಾಗದ ಕಳಿಸ್ಯಾನ. ‘ನೀನು, ಅಕ್ಕ ಇಬ್ಬರೂ ಸಹಿ ಮಾಡ್ರಿ, ಪಹಣಿ ನನ್ನ ಹೆಸರಿಗೆ ಮಾಡಿಸ್ತೀನಿ, ಬರೀ ಸೊಸೈಟಿ ಸಾಲಕ್ಕ’ ಅಂತಾನ. ಮಾಡಲೇನ್ರಿ?

— ಮೊದಲು ಕಾಗದ ಕೊಡು ಇಲ್ಲಿ. ತಲೆಬರಹ ಓದಿದೀ ಏನವ್ವ? ‘ಹಕ್ಕು ಬಿಡುಗಡೆ ಪತ್ರ’. ಪೌತಿಗೆ ಬೇಕಾದದ್ದು ಇದಲ್ಲ. ಪೌತಿ ಅಂದ್ರ ಸತ್ತವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರು ಹತ್ತಿಸೋದು. ಹಕ್ಕು ಬಿಡುಗಡೆ ಅಂದ್ರ ನಿನ್ನ ಪಾಲು ನೀನೇ ಬಿಟ್ಟು ಎದ್ದು ಬರೋದು. ಒಂದರ ಹೆಸರು ಹೇಳಿ ಇನ್ನೊಂದಕ್ಕ ಸಹಿ ಹಾಕಿಸೋದು ನಮ್ಮ ಕಡೆ ಭಾಳ ನಡೀತದ. ನಿಮ್ಮಣ್ಣಗ ಈ ಫರಕು ತಿಳಿದಿರಲಿಕ್ಕಿಲ್ಲ, ಬರೆಯೋರು ಬರೆದು ಕೊಟ್ಟಿರತಾರ. ಆದ್ರ ಸಬ್‌ರಿಜಿಸ್ಟ್ರಾರ್ ಮುಂದ ಒಮ್ಮೆ ಹೆಬ್ಬೆಟ್ಟು ಒತ್ತಿದ ಮ್ಯಾಲ ಅದನ್ನ ತಿರುಗಿಸೋದಕ್ಕ ಕೋರ್ಟಿನಾಗ ವರ್ಷಗಟ್ಟಲೆ ಅಡ್ಡಾಡಬೇಕು.

— ಇಪ್ಪತ್ತು ರೂಪಾಯಿ ಬಾಂಡ್ ಮ್ಯಾಲ ಬರದಾರ. ನೋಂದಣಿ ಬ್ಯಾಡ ಅಂತ ಹೇಳ್ಯಾರ.

— ಹಾಂಗಾದ್ರ ಇದಕ್ಕ ಬೆಲೆ ಇಲ್ಲ. ನೂರು ರೂಪಾಯಿಗಿಂತ ಹೆಚ್ಚು ಬಾಳೋ ಸ್ಥಿರಾಸ್ತಿ ಹಕ್ಕು ಬಿಡೋದಾದ್ರ 1908ರ ನೋಂದಣಿ ಕಾಯ್ದೆ ಪ್ರಕಾರ ಅದು ನೋಂದಣಿ ಆಗಲೇಬೇಕು. ಬೆಲೆ ಇಲ್ಲ ಅಂತ ಸಹಿ ಮಾಡಿಬಿಟ್ಟೀ ಮತ್ತ! ನಾಳೆ ಜಗಳ ಬಂದಾಗ ‘ಆಕಿ ಒಪ್ಪಿದ್ದಳು’ ಅಂತ ಇದನ್ನೇ ಎಲ್ಲರ ಮುಂದ ಹಿಡೀತಾರ. ಅದಿರಲಿ, ಅಪ್ಪ ಏನೇನು ಬಿಟ್ಟು ಹೋಗ್ಯಾರ, ಬಿಡಿಸಿ ಹೇಳು. ಎಲ್ಲಾ ಸೇರಿಸಿ ‘ಆಸ್ತಿ’ ಅನಬ್ಯಾಡ.

— ಚಿಂಚೋಳಿ ತಾಲೂಕಿನಾಗ ಎಂಟು ಎಕರೆ ತೊಗರಿ ಹೊಲ. ಅದು ಅಜ್ಜಂದು, ಇನ್ನೂ ಅಜ್ಜನ ಹೆಸರಿನಾಗೇ ಅದ. ಚಿತ್ತಾಪುರ ತಾಲೂಕಿನಾಗ ಅಪ್ಪ ಕೊಂಡ ಮೂರು ಎಕರೆ, ಅದರಾಗ ಅರ್ಧ ಫರಸಿ ಕಲ್ಲಿನ ಖಣಿ. ಆಮ್ಯಾಲ ಶಹಾಬಾದಿನಾಗ ಅಪ್ಪ ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದ ಮ್ಯಾಲ ಕಟ್ಟಿಸಿದ ಮನಿ.

— ಅಂದ್ರ ಮೂರು ಆಸ್ತಿಗೆ ಮೂರು ದಾರಿ. ಮನಿ ಲೆಕ್ಕ ಹಗುರ, ಅದರಿಂದ ಶುರು ಮಾಡೋಣ. ಅದು ಅಪ್ಪನ ಸ್ವಂತ ಗಳಿಕೆ. ಉಯಿಲು ಬರೆದಿಟ್ಟಾರೇನು?

— ಇಲ್ಲ. ಪೆಟ್ಟಿಗಿ ಎಲ್ಲಾ ಹುಡುಕೀವಿ.

— ಉಯಿಲು ಇಲ್ಲ ಅಂದ ಮ್ಯಾಲ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಮೊದಲನೇ ದರ್ಜೆ ವಾರಸುದಾರರು ಯಾರ್‍ಯಾರು, ಬೆರಳು ಮಡಚಿ ಹೇಳು ನೋಡೋಣ.

— ಅವ್ವ, ಅಣ್ಣ, ಅಕ್ಕ, ನಾನು. ನಾಲ್ಕು.

— ಐದು. ನಿಮ್ಮ ಅಜ್ಜಿ ಇದ್ದಾಳಲ್ಲ, ಅಪ್ಪನ ತಾಯಿ?

— ಇದ್ದಾಳ್ರಿ, ತೊಂಬತ್ತು ದಾಟ್ಯಾವ. ಅಜ್ಜಿಗೂ ಪಾಲದ ಏನು?

— ಮಗ ಸತ್ತಾಗ ತಾಯಿ ಬದುಕಿದ್ರ ಆಕಿಗೂ ಹೆಂಡತಿ ಮಕ್ಕಳಷ್ಟೇ ಪಾಲು. ಮನಿಯಾಗ ಐದರಾಗ ಒಂದು ಪಾಲು ಅಜ್ಜೀದು. ಎಲ್ಲರೂ ಮರೆಯೋ ವಾರಸುದಾರಳು ಆಕೀನೇ. ವಂಶವೃಕ್ಷ ಬರೆಸುವಾಗ ಕೆಳಗಿನ ಟೊಂಗಿ ಎಲ್ಲಾ ಬರೆಸ್ತಾರ, ಮ್ಯಾಲ ಕುಂತ ಮುದುಕಿಯನ್ನ ಬಿಟ್ಟುಬಿಡ್ತಾರ. ನಾಳೆ ಅಜ್ಜಿ ತೀರಿಕೊಂಡ್ರ ಆಕಿ ಪಾಲು ಆಕಿ ಮಕ್ಕಳಿಗೆ ಹೋಗತದ, ಅಂದ್ರ ನಿಮ್ಮ ಅತ್ತೆ, ನಿಮ್ಮ ಚಿಕ್ಕಪ್ಪ, ಜೊತೆಗೆ ನಿಮ್ಮಪ್ಪನ ಬದಲಿಗೆ ನೀವು ಮೂವರು ಮಕ್ಕಳು. ಇವತ್ತು ಆಕೀನ್ನ ಬಿಟ್ಟು ಖಾತೆ ಮಾಡಿಸಿದ್ರ ಹತ್ತು ವರ್ಷದ ಮ್ಯಾಲ ಆ ಮನಿ ಕೊಳ್ಳೋಕೆ ಬಂದವನ ವಕೀಲ ಅದನ್ನೇ ಎತ್ತಿ ಹಿಡೀತಾನ.

— ಅಪ್ಪಗ ಫ್ಯಾಕ್ಟರಿ ಕಾಲೊನಿಯಾಗ ಕ್ವಾರ್ಟರ್ಸ್ ಇತ್ತು, ಸ್ವಲ್ಪ ಸಾಮಾನು ಇನ್ನೂ ಅಲ್ಲೇ ಅವ.

— ಸಾಮಾನು ತೊಗೊಂಡು ಬಾ. ಕ್ವಾರ್ಟರ್ಸ್ ಕಂಪನೀದು, ರೈಲ್ವೇದಾದ್ರ ರೈಲ್ವೇದು, ಅದು ವಾರಸಿಗೆ ಬರಂಗಿಲ್ಲ. ಶಹಾಬಾದ್ ಮನಿ ಖಾತೆ ನಗರಸಭೆಯಾಗ ಬದಲಾಗಬೇಕು. ತೆರಿಗಿ ಬಾಕಿ ಇದ್ರ ತುಂಬಿ ರಸೀದಿ ಇಟ್ಟುಕೋ. ಜೆಸ್ಕಾಂ ಮೀಟರೂ ಅಪ್ಪನ ಹೆಸರಿನಾಗ ಇರತದ, ಅದನ್ನೂ ಬದಲು ಮಾಡಿಸು.

— ಹೊಲದ ಮಾತು ಹೇಳ್ರಿ ಕಾಕಾ. ಅಣ್ಣ ಅಂತಾನ, ‘ಅಕ್ಕನ ಮದುವಿ 1993ರಾಗ ಆಯ್ತು, ಆಕಿಗೆ ಪಿತ್ರಾರ್ಜಿತದಾಗ ಪಾಲಿಲ್ಲ. ನಿಂದು 1998ರಾಗ, ನಿನಗ ಬೇಕಾದ್ರ ಅದ’. ಇದು ಎಂಥಾ ನ್ಯಾಯ?

— ಅಂವ ಸುಳ್ಳು ಹೇಳಿಲ್ಲ, ಹಳೇದು ಹೇಳ್ಯಾನ. ದಿಲ್ಲಿಗಿಂತ ಮೊದಲೇ ಕರ್ನಾಟಕ ಹೆಣ್ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಾಗ ಹುಟ್ಟಿನಿಂದ ಹಕ್ಕು ಕೊಟ್ಟಿತು. 30 ಜುಲೈ 1994ರಿಂದ ಅದು ಜಾರಿಗೆ ಬಂತು. ಆದ್ರ ಅದಕ್ಕಿಂತ ಮೊದಲು ಮದುವಿ ಆದವರನ್ನ ಹೊರಗಿಟ್ಟರು. ಒಂದೇ ತಾಯಿ ಹೊಟ್ಟಿಯಾಗ ಹುಟ್ಟಿದ ಅಕ್ಕಗ ಇಲ್ಲ, ತಂಗಿಗೆ ಅದ ಅನ್ನೋ ಹಾಂಗ ಆಯ್ತು. 9 ಸೆಪ್ಟೆಂಬರ್ 2005ಕ್ಕ ಕೇಂದ್ರದ ತಿದ್ದುಪಡಿ ಬಂದು ಆ ಭೇದ ತೆಗೀತು. ಮದುವಿ ಯಾವಾಗ ಆಯ್ತು ಅನ್ನೋ ಪ್ರಶ್ನೆನೇ ಉಳಿಲಿಲ್ಲ. ಆಮ್ಯಾಲ ‘ಆ ದಿನ ತಂದೆ ಬದುಕಿರಬೇಕಿತ್ತು’ ಅಂತ ಒಂದು ವಾದ ಭಾಳ ವರ್ಷ ನಡೀತು. 11 ಆಗಸ್ಟ್ 2020ಕ್ಕ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಾಗ ಅದನ್ನೂ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬರತದ, ತಂದೆ ಆಗ ಇದ್ದರೂ ಇಲ್ಲದಿದ್ದರೂ. 20 ಡಿಸೆಂಬರ್ 2004ಕ್ಕ ಮೊದಲು ನೋಂದಣಿ ಆದ ವಿಭಾಗ ಇದ್ರ, ಇಲ್ಲಾ ಕೋರ್ಟಿನ ಡಿಕ್ರಿ ಇದ್ರ, ಅದನ್ನ ಮುಟ್ಟಂಗಿಲ್ಲ. ‘ನಾವು ಬಾಯಿಮಾತಿನಾಗ ಹಿಂದೇ ಪಾಲು ಮಾಡಿಕೊಂಡೀವಿ’ ಅಂದ್ರ ಕೋರ್ಟು ಸುಮ್ಮನ ನಂಬಂಗಿಲ್ಲ.

— ಅಂದ್ರ ಅಕ್ಕಗೂ ಅದ.

— ಅಕ್ಕಗೂ ಅದ. ನಿಮ್ಮಣ್ಣನಷ್ಟೇ.

— ಹಿರಿಯರು ಅಂತಾರಲ್ರಿ, ಹೆಣ್ಮಕ್ಕಳಿಗೆ ಹೊಲದಾಗ ಪಾಲು ನಮ್ಮ ಪದ್ಧತಿ ಅಲ್ಲ, ಎಲ್ಲಿಂದಲೋ ಬಂದದ್ದು ಅಂತ.

— ಎಲ್ಲಿಂದ ಬಂತು ಅನ್ನೋರಿಗೆ ಮರತೂರಿಗೆ ಹೋಗಿ ಬರ್ರಿ ಅಂತ ಹೇಳು. ಶಹಾಬಾದ್ ಹತ್ತಿರದ ಊರು, ನಿನಗ ಗೊತ್ತದ. ವಿಜ್ಞಾನೇಶ್ವರ ಅಲ್ಲಿಯವನು ಅಂತ ನಮ್ಮ ಜನ ಎದೆಯುಬ್ಬಿಸಿ ಹೇಳ್ತಾರ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲ, 1076ರಿಂದ 1126ರ ಆಳ್ವಿಕೆ. ಯಾಜ್ಞವಲ್ಕ್ಯ ಸ್ಮೃತಿಗೆ ಅಂವ ಬರೆದ ವ್ಯಾಖ್ಯಾನ ‘ಮಿತಾಕ್ಷರ’. ಬಂಗಾಳ, ಅಸ್ಸಾಮಿನ ಕಡೆ ಜೀಮೂತವಾಹನನ ‘ದಾಯಭಾಗ’ ನಡೀತು, ಉಳಿದ ಭಾರತದಾಗ ಹೆಚ್ಚಾಗಿ ಹಿಂದೂ ಕುಟುಂಬದ ಪಾಲು ಆಗಿದ್ದು ಈ ಮಿತಾಕ್ಷರದ ಮ್ಯಾಲ. 1810ರಾಗ ಕೋಲ್‌ಬ್ರೂಕ್ ಅನ್ನೋ ಇಂಗ್ಲಿಷ್ ಅಧಿಕಾರಿ ಅದರ ದಾಯವಿಭಾಗವನ್ನ ಇಂಗ್ಲಿಷಿಗೆ ಮಾಡಿದ ಮ್ಯಾಲ ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದವು.

— ಆದ್ರ ಮಿತಾಕ್ಷರದಾಗ ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮಾತ್ರ ಅಲ್ರಿ?

— ಹೌದು, ಅದನ್ನ ಮುಚ್ಚಿಡಬಾರದು. ಮಗ, ಮೊಮ್ಮಗ ಹುಟ್ಟುತ್ತಲೇ ಪಾಲುದಾರ, ಅದಕ್ಕ ಅಂವ ಅಪ್ರತಿಬಂಧ ದಾಯ ಅಂದ. ಯಾರಾದ್ರೂ ಸತ್ತ ಮ್ಯಾಲ ಬರೋದಕ್ಕ ಸಪ್ರತಿಬಂಧ ಅಂದ. ಆದ್ರ ಅದೇ ವಿಜ್ಞಾನೇಶ್ವರ ಇನ್ನೊಂದು ಮಾತು ಹೇಳ್ಯಾನ, ಅದನ್ನ ಯಾರೂ ಎತ್ತಂಗಿಲ್ಲ. ಹೆಣ್ಮಗಳಿಗೆ ವಾರಸಿನಿಂದ ಬಂದದ್ದು, ಖರೀದಿಯಿಂದ ಬಂದದ್ದು, ವಿಭಾಗದಾಗ ಸಿಕ್ಕದ್ದು, ಇದೆಲ್ಲಾ ಆಕಿ ಸ್ತ್ರೀಧನ ಅಂತ ಬರೆದ. ಬರೀ ಒಡವೆ, ತವರಿನ ಉಡುಗೊರೆ ಅಲ್ಲ. ಅದನ್ನ ಕತ್ತರಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್, 1903ರ ತೀರ್ಪಿನಾಗ. ವಾರಸಿನಿಂದ ಬಂದದ್ದು ಆಕಿ ಸ್ತ್ರೀಧನ ಅಲ್ಲ ಅಂತ ಹೇಳಿತು. 1956ರ ಕಾಯ್ದೆ 14ನೇ ಕಲಂ ಹೆಣ್ಮಗಳನ್ನ ಮತ್ತ ಪೂರ್ಣ ಒಡತಿ ಮಾಡಿತು. ಅಂದ ಮ್ಯಾಲ ಹೆಣ್ಣಿಗೆ ಆಸ್ತಿ ಅನ್ನೋದು ನಮ್ಮದಲ್ಲ ಅನ್ನೋ ಮಾತು ನಾ ಒಪ್ಪಂಗಿಲ್ಲ. ಈ ಮಣ್ಣಿನಾಗ ಒಂಬೈನೂರು ವರ್ಷದ ಹಿಂದೆ ಅದರ ಅರ್ಧ ಬರೆದಿಟ್ಟಿದ್ರು, ಉಳಿದ ಅರ್ಧ ಬರೆಯೋದಕ್ಕ ನಮಗ 2005 ಆಯ್ತು.

— ಹಾಂಗಾದ್ರ ಅಜ್ಜನ ಎಂಟು ಎಕರೆ ಪಿತ್ರಾರ್ಜಿತ. ಅದರಾಗ ನಾವು ಮೂವರೂ ಪಾಲುದಾರರು. ಅಷ್ಟೇ ಅಲ್ರಿ?

— ಅವಸರ ಮಾಡಬ್ಯಾಡ. ಅಜ್ಜಂದು ಅಂದ ಕೂಡಲೇ ಪಿತ್ರಾರ್ಜಿತ ಆಗಂಗಿಲ್ಲ. ಅಜ್ಜಗ ಅದು ಎಲ್ಲಿಂದ ಬಂತು?

— ಅಜ್ಜ ತಾನೇ ಕೊಂಡದ್ದಂತ. ತೀರಿಕೊಂಡದ್ದು 1980ರ ಸುಮಾರಿಗೆ.

— ಈಗ ಕೇಳು. ಅಜ್ಜನ ಸ್ವಂತ ಗಳಿಕೆ, ಅಜ್ಜ ತೀರಿಕೊಂಡದ್ದು 1956ರ ನಂತರ, ಉಯಿಲು ಇಲ್ಲ. ಆ ದಿನವೇ ಆ ಹೊಲ ಅಜ್ಜನ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಮಕ್ಕಳಿಗೆ ಸಮ ಆಗಿ ಇಳೀತು. 2005 ಕಾಯಬೇಕಿರಲಿಲ್ಲ, 1956ರ ಮೂಲ ಕಾಯ್ದೆನೇ ಸಾಕು. ನಿಮ್ಮಪ್ಪಗ ಬಂದದ್ದು ಅವರ ಪಾಲು ಮಾತ್ರ, ಅದೂ ಅವರ ಸ್ವಂತ ಆಸ್ತಿಯಾಗಿ. 1986ರ ಚಂದರ್ ಸೇನ್ ತೀರ್ಪು ಬಂದ ಮ್ಯಾಲ ಸುಪ್ರೀಂ ಕೋರ್ಟ್ ಈ ಲೆಕ್ಕ ಬದಲಿಸಿಲ್ಲ. ಆ ಪಾಲು ಮನಿಯ ಹಾಂಗೇ ನೀವು ಐದು ಜನಕ್ಕ. ಅಂದ್ರ ಎಂಟು ಎಕರೆ ನಿಮ್ಮದಲ್ಲ ಅವ್ವ. ನಿಮ್ಮ ಅತ್ತೆ ಎಲ್ಲಿದ್ದಾಳ?

— ಹುಮ್ನಾಬಾದಿನಾಗ. ಆಕಿ ಎಂದೂ ಕೇಳಿಲ್ರಿ.

— ಕೇಳಿಲ್ಲ ಅಂದ್ರ ಇಲ್ಲ ಅಂತಲ್ಲ. ನಿಮ್ಮಣ್ಣ ನಿನಗ ಏನು ಹೇಳ್ತಾನೋ ನಿಮ್ಮಪ್ಪ ಆಕಿಗೆ ಅದನ್ನೇ ಹೇಳಿರಬೇಕು, ಇಲ್ಲಾ ಏನೂ ಹೇಳದೆ ಇದ್ದಿರಬೇಕು. ನಿನ್ನ ಪಾಲು ಕೇಳೋದಾದ್ರ ಅತ್ತೆ ಪಾಲೂ ನೀನೇ ಎತ್ತಬೇಕು. ಇಲ್ಲದಿದ್ರ ನೀ ಕೇಳೋದಕ್ಕ ನ್ಯಾಯ ಉಳಿಯಂಗಿಲ್ಲ.

— ಅಪ್ಪನ ಬಗ್ಗೆ ಹಾಂಗ ಯೋಚನೆ ಮಾಡೇ ಇರಲಿಲ್ಲ ಕಾಕಾ. ಅತ್ತೆ ವರ್ಷಕ್ಕೊಮ್ಮೆ ಪಂಚಮಿಗಿ ಬರ್ತಿದ್ಲು. ಅವ್ವ ಒಂದು ಸೀರಿ, ಒಂದು ಚೀಲ ಬ್ಯಾಳಿ ಕೊಡ್ತಿದ್ಲು. ಆಕಿ ಅಷ್ಟಕ್ಕೇ ಖುಷಿ ಆಗ್ತಿದ್ಲು.

— ಆ ಬ್ಯಾಳಿ ಆಕಿ ಪಾಲಿನ ಹೊಲದ್ದೂ ಇತ್ತು.

— ... ಹಿಸ್ಸಾ ಕೇಳಿದ್ರ ತವರುಮನಿ ಬಾಗಿಲು ಮುಚ್ಚತದ ಅಂತ ಅಕ್ಕ ಅಳ್ತಾಳ.

— ಪಾಲು ಬಿಟ್ಟುಕೊಟ್ಟವರಿಗೂ ಬಾಗಿಲು ಮುಚ್ಚಿದ್ದು ನಾ ನೋಡೀನಿ. ನನಗ ತಿಳಿದಂಗ ಸಂಬಂಧ ಕೆಡೋದು ಕೇಳಿದ್ದಕ್ಕಲ್ಲ, ಒಬ್ಬರಿಗೆ ತಿಳಿಸದೆ ಕಾಗದ ಮಾಡಿಸಿದ್ದು ಆಮ್ಯಾಲ ಬೇರೆಯವರ ಬಾಯಿಂದ ತಿಳಿದಾಗ. ಅಕ್ಕಗ ಅಣ್ಣನ ಮ್ಯಾಲ ಪ್ರೀತಿ ಇದ್ದು ಬಿಟ್ಟುಕೊಡಬೇಕು ಅನ್ನಿಸಿದ್ರ ಕೊಡಲಿ. ಆದ್ರ ಮೊದಲು ಪಹಣಿಯಾಗ ಹೆಸರು ಹತ್ತಲಿ, ತನ್ನದು ಎಷ್ಟು ಗುಂಟೆ, ಅದರ ಬೆಲೆ ಏನು ಅಂತ ತಿಳೀಲಿ, ಆಮ್ಯಾಲ ಮನಸಾರೆ ಬರೆದು ಕೊಡಲಿ. ಕುಟುಂಬದೊಳಗಿನ ವಿಭಾಗಕ್ಕ, ಬಿಡುಗಡೆಗೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಭಾಳ ಕಡಿಮಿ. ಖರ್ಚಿನ ನೆಪ ಹೇಳೋ ಹಾಂಗಿಲ್ಲ.

— ಅಣ್ಣಂದೂ ಒಂದು ಮಾತದ ಕಾಕಾ. ಅಪ್ಪನ ದವಾಖಾನಿ ಖರ್ಚು ಅಂವನೇ ಮಾಡ್ದ, ಹೊಲ ಅಂವನೇ ಉತ್ತ.

— ಆ ಮಾತು ಖರೆ ಅದ, ಅದಕ್ಕ ಬೆಲೆ ಕೊಡ್ರಿ. ಖರ್ಚಿನ ಲೆಕ್ಕ ಎಲ್ಲರ ಮುಂದ ಬರಲಿ, ಅಂವಗ ಒಂದು ಎಕರೆ ಹೆಚ್ಚು ಹೋಗಬೇಕು ಅಂತ ಒಪ್ಪಿದ್ರ ವಿಭಾಗ ಪತ್ರದಾಗ ಬರೀರಿ. ಸಮ ಪಾಲು ಕಾಯ್ದೆ ಹೇಳೋದು, ಒಪ್ಪಿ ಹೆಚ್ಚುಕಡಿಮಿ ಮಾಡಿಕೊಳ್ಳೋದಕ್ಕ ಕಾಯ್ದೆ ಅಡ್ಡ ಬರಂಗಿಲ್ಲ. ಆದ್ರ ‘ನಿಮ್ಮ ಮದುವಿಗೆ ಬಂಗಾರ ಹಾಕೀವಿ, ಅದೇ ನಿಮ್ಮ ಪಾಲು’ ಅಂದ್ರ ಅದಕ್ಕ ಕಾಯ್ದೆಯಾಗ ಜಾಗ ಇಲ್ಲ.

— ಸೊಸೈಟಿ ಸಾಲ?

— ಪಹಣಿ 11ನೇ ಕಾಲಂ ನೋಡು, ಋಣ ಅಲ್ಲೇ ಇರತದ. 9ನೇ ಕಾಲಮಿನಾಗ ಮಾಲೀಕರ ಹೆಸರು ನೋಡಿ ಮಡಚಿ ಇಡೋರೇ ಹೆಚ್ಚು. ಅಪ್ಪನ ಸಾಲ ಅಪ್ಪನ ಆಸ್ತಿಯಿಂದ ತೀರಬೇಕು. ನಿನಗ ಬಂದ ಆಸ್ತಿ ಎಷ್ಟೋ ಅಷ್ಟರ ತನಕ ಮಾತ್ರ ನೀ ಜವಾಬ್ದಾರಿ, ನಿನ್ನ ಪಗಾರದಿಂದ ಅಲ್ಲ. ತಂದೆ ಸಾಲ ಮಗ ಧರ್ಮ ಅಂತ ತೀರಿಸಬೇಕು ಅನ್ನೋ ಹಳೇ ನಿಯಮವನ್ನ 2005ರ ನಂತರದ ಸಾಲಕ್ಕ ಕೋರ್ಟು ಹಿಡಿಯಂಗಿಲ್ಲ.

— ಹೆಸರು ಹತ್ತಿಸದೆ ಹಾಂಗೇ ಬಿಟ್ಟರ ಏನಾಗತದ? ಅಜ್ಜನ ಹೆಸರಿನಾಗೇ ನಲವತ್ತು ವರ್ಷ ನಡೀತಲ್ರಿ.

— ನಡೀತು, ಯಾಕಂದ್ರ ಆಗ ಯಾರೂ ಕೇಳ್ತಿರಲಿಲ್ಲ. ಈಗ ಬೆಳೆ ಪರಿಹಾರ ಬರೋದು ಫ್ರೂಟ್ಸ್ ಅನ್ನೋ ರೈತರ ನೋಂದಣಿ ಸಂಖ್ಯೆ ಹಿಡಿದು ಸೀದಾ ಬ್ಯಾಂಕ್ ಖಾತೆಗೆ. ತೊಗರಿ ಖರೀದಿ ಕೇಂದ್ರದಾಗ ನೋಂದಣಿಗೂ ಅದೇ ಬೇಕು. ಸತ್ತವರ ಹೆಸರಿಗೆ ಅದು ಆಗೋದು ಹ್ಯಾಂಗ? ಕಾಗಿಣಾ ಹೊಳಿ ತುಂಬಿ ಬೆಳೆ ಹೋದಾಗ ಹೊಲ ಉತ್ತವನ ಹೆಸರು ಪಟ್ಟಿಯಾಗ ಇಲ್ಲದ್ದು ಎಷ್ಟು ಊರಾಗ ಇಲ್ಲ! ಪಹಣಿಗೆ ಆಧಾರ್ ಜೋಡಿಸುವಾಗ ರಾಜ್ಯದಾಗ ಲಕ್ಷಗಟ್ಟಲೆ ಜಮೀನು ತೀರಿಹೋದವರ ಹೆಸರಿನಾಗ ಇರೋದು ಬಯಲಿಗೆ ಬಂತು. ಅದಕ್ಕೇ ಸರ್ಕಾರ ಪೌತಿ ಆಂದೋಲನ ಅಂತ ಶುರು ಮಾಡ್ತು. ಕಾಯ್ದೆ ಕೇಳೋದು ಮೂರು ತಿಂಗಳು. 1964ರ ಭೂಕಂದಾಯ ಕಾಯ್ದೆ 128ನೇ ಕಲಂ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗ ತಿಳಿಸಬೇಕು.

— ಒಂದು ವೇಳೆ ಅಣ್ಣ ತನ್ನ ಹೆಸರೊಂದೇ ಹತ್ತಿಸಿಬಿಟ್ಟಿದ್ರ?

— ನಿನ್ನ ಹಕ್ಕು ಹೋಗಂಗಿಲ್ಲ. ಪಹಣಿ ಕಂದಾಯದ ದಾಖಲೆ, ಒಡೆತನ ಅದರಿಂದ ಹುಟ್ಟಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳ್ಯಾದ. ಆದ್ರ ಅಂವ ಮಾರಿದ್ರ ನೀ ಕೋರ್ಟಿಗೆ ಹೋಗಬೇಕು, ಕೊಂಡವನೂ ಬರಬೇಕು. ಸೇಡಂ ಸುತ್ತ ಸಿಮೆಂಟ್ ಕಂಪನಿಗಳು ಜಮೀನು ಕೊಳ್ಳುವಾಗ ಎಲ್ಲಾ ವಾರಸುದಾರರ ಸಹಿ ಯಾಕ ಕೇಳ್ತಾವ ಅಂತೀ? ಒಬ್ಬ ಅಕ್ಕ ಬಿಟ್ಟುಹೋದ್ರೂ ಕ್ರಯ ಅಷ್ಟರ ಮಟ್ಟಿಗೆ ಟೊಳ್ಳು ಅಂತ ಅವರ ವಕೀಲರಿಗೆ ಗೊತ್ತದ. ತಕರಾರು ಹಾಕಬೇಕಾದ್ರ ಮ್ಯುಟೇಷನ್ ನೋಟಿಸ್ ಹಚ್ಚಿದಾಗಲೇ ಲಿಖಿತದಾಗ ಹಾಕು. ಬಾಯಿಮಾತಿನಾಗ ಹೇಳಿ ಬರಬ್ಯಾಡ.

— ಖಣಿ ಇರೋ ಮೂರು ಎಕರೆ ಹ್ಯಾಂಗ ಹಂಚೋದು? ಅಣ್ಣ ಅಂತಾನ, ಅಳತಿ ಹಿಡಿದು ಗುಂಟೆ ಲೆಕ್ಕದಾಗ ಸಮ ಮಾಡೋಣ ಅಂತ.

— ಅಲ್ಲೇ ಮೋಸ ಹೋಗೋದು. ನಾ ಕಂಡ ಒಂದು ಹೊಲ ಹೇಳ್ತೀನಿ. ನಾಲ್ಕು ಎಕರೆ, ನಾಲ್ಕು ಮಕ್ಕಳು, ಒಂದೊಂದು ಎಕರೆ. ಕಾಗದದಾಗ ಚೊಕ್ಕ. ಮ್ಯಾಗಿನ ಎಕರೆ ರಸ್ತಾಕ್ಕ ಹತ್ತಿದ್ದು, ಕರಿ ಮಣ್ಣು. ಎರಡನೇದು ಹಾಂಗೇ ಬೀಳು, ಮೂರು ಮೊಳ ಮಣ್ಣು ತೆಗೆದ್ರ ಫರಸಿ ಪದರು, ತೆಳ್ಳಗ, ಒಡೆದರ ಹಲಿಗಿ ಹಲಿಗಿಯಾಗಿ ಏಳೋ ಕಲ್ಲು. ಮೂರನೇದರಾಗ ಕಲ್ಲು ಎಂದೋ ತೆಗೆದು ಮುಗಿದಾದ, ಗುಂಡಿಯಾಗ ಹಸಿರು ನೀರು, ಅಂಚಿನ ಮ್ಯಾಲ ಜಾಲಿ. ನಾಲ್ಕನೇದಕ್ಕ ಹೋಗಬೇಕಂದ್ರ ಆ ಗುಂಡಿ ಬಳಸಿ, ಬೇರೆಯವರ ಬದುವಿನ ಮ್ಯಾಲ ಹಾದು ಹೋಗಬೇಕು. ಗುಂಡಿ ಬಂದದ್ದು ವಿಧವೆ ಸೊಸೆ ಪಾಲಿಗೆ, ದಾರಿ ಇಲ್ಲದ್ದು ತಂಗಿ ಪಾಲಿಗೆ. ಅವರಿಬ್ಬರೂ ಅಳತಿ ದಿನ ಹೊಲಕ್ಕೇ ಬಂದಿರಲಿಲ್ಲ. ನೀನು ಅಕ್ಕನ್ನ ಕರಕೊಂಡು ಹೋಗು, ನಾಲ್ಕೂ ದಿಕ್ಕಿನ ಬದು ನಡದು ನೋಡ್ರಿ. ದಾರಿ, ಬಾವಿ, ಕಲ್ಲು ಎಲ್ಲಕ್ಕೂ ಬೆಲೆ ಕಟ್ಟಿ ಆಮ್ಯಾಲ ಗುಂಟೆ ಹಾಕ್ರಿ. ದಾರಿ ಹಕ್ಕು ವಿಭಾಗ ಪತ್ರದಾಗ ಬರೆಸದಿದ್ರ ನಿಮ್ಮ ಮಕ್ಕಳು ಅದಕ್ಕ ಬಡದಾಡ್ತಾರ. ಸರ್ವೆ ನಂಬರ್ ಒಡೆಯೋದಾದ್ರ ಮೊದಲು ಭೂಮಾಪನದವರಿಂದ 11ಇ ನಕ್ಷೆ, ಆಮ್ಯಾಲ ನೋಂದಣಿ.

— ಖಣಿ ಲೀಸ್ ಅಪ್ಪನ ಹೆಸರಿನಾಗ ಅದ.

— ಲೀಸು ಬೇರೆ, ಹೊಲ ಬೇರೆ. ಲೀಸಿನ ಅವಧಿ, ಬಾಕಿ ರಾಜಧನ ಗಣಿ ಇಲಾಖೆಯಾಗ ಕೇಳು. ಪಹಣಿ ಬದಲಾದ್ರ ಲೀಸು ತಾನೇ ಬದಲಾಗಂಗಿಲ್ಲ.

— ನಮ್ಮ ಶಾಲಿ ಆಯಾ ಒಬ್ಬಾಕಿ ಚಿಂಚೋಳಿ ಕಡೆ ತಾಂಡಾದಾಕಿ. ಅವರ ಮನಿಗೆ ಈಗ ಹಕ್ಕುಪತ್ರ ಬಂದಾದ ಅಂತ.

— ಬಂದಿರಬೇಕು. 19 ಜನವರಿ 2023ಕ್ಕ ಸೇಡಂ ತಾಲೂಕಿನ ಮಳಖೇಡದಾಗ ಪ್ರಧಾನಿ ಬಂದು ತಾಂಡಾ, ಹಟ್ಟಿಗಳ ಜನಕ್ಕ ಹಕ್ಕುಪತ್ರ ಕೊಟ್ಟರಲ್ಲ, ಐವತ್ತು ಸಾವಿರಕ್ಕೂ ಹೆಚ್ಚು. ರಾಷ್ಟ್ರಕೂಟರ ರಾಜಧಾನಿ ಇದ್ದ ಜಾಗದಾಗ ಎಷ್ಟೋ ಮನೆತನಕ್ಕ ಮೊದಲ ಸಲ ಮನಿ ಕಾಗದ ಸಿಕ್ಕಿತು. ಅವರಿಗೆ ಹೇಳು, ಮೊದಲ ತಲೆಮಾರಿನಾಗೇ ಮಕ್ಕಳೆಲ್ಲರ ಹೆಸರು ಸೇರಿಸಿ ವಂಶವೃಕ್ಷ ಮಾಡಿಸಿಡ್ರಿ ಅಂತ. ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ ಹೊಲ ಇದ್ರ 1978ರ ಪಿಟಿಸಿಎಲ್ ಕಾಯ್ದೆ ಅದ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದು ಅಸಿಂಧು. ವಾರಸುದಾರರೂ ಮರಳಿ ಕೇಳಬಹುದು, ಅದಕ್ಕ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿತು, ಆದ್ರೂ ತಡ ಮಾಡಬಾರದು.

— ಶಹಾಬಾದಿನಾಗ ನಮ್ಮ ಬಾಜು ಮನಿಯ ಸಾಬರೂ ಇದೇ ಚಿಂತೆಯಾಗ ಅದಾರ.

— ಅವರಿಗೆ ನಿಯಮ ಬೇರೆ. ಹುಟ್ಟಿನಿಂದ ಹಕ್ಕಿಲ್ಲ. ಸತ್ತ ಮ್ಯಾಲ ಮೊದಲು ಮಣ್ಣಿನ ಖರ್ಚು, ಸಾಲ, ಕೊಡದೆ ಉಳಿದ ಮೆಹರ್. ಉಯಿಲು ಬರೆದಿದ್ರ ಮೂರರಲ್ಲೊಂದು ಭಾಗದ ತನಕ. ಉಳಿದದ್ದರಾಗ ಮಕ್ಕಳಿದ್ದ ಹೆಂಡತಿಗೆ ಎಂಟರಲ್ಲೊಂದು, ಮಗಳಿಗೆ ಮಗನ ಅರ್ಧ. ಅಷ್ಟನ್ನೂ ಮಗಳಿಗೆ ಕೊಡದ ಮನಿ ಅಲ್ಲಿಯೂ ಅವ.

— ಕಡೀ ಮಾತು ಕಾಕಾ. ನನಗ ಪಾಲು ಬಂತು ಅಂತ ಇಟ್ಕೋರಿ. ನಾ ಹೋದ ಮ್ಯಾಲ ಅದು ಗಂಡನ ಮನಿಯವರಿಗೆ ಹೋಗತದ, ಅದಕ್ಕೇ ಕೊಡಬಾರದು ಅಂತ ಚಿಕ್ಕಪ್ಪ ಅಂತಾರ.

— ನಿನಗ ಮಕ್ಕಳಿದ್ದಾರ. ನಿನ್ನ ಮಕ್ಕಳಿಗೆ, ನಿನ್ನ ಗಂಡಗ ಹೋಗತದ, ಮಕ್ಕಳು ನಿಮ್ಮಪ್ಪನ ಮೊಮ್ಮಕ್ಕಳೇ ಅಲ್ಲ? ಮಕ್ಕಳಿಲ್ಲದ ಹೆಣ್ಮಗಳಾದ್ರ 15ನೇ ಕಲಂ ಪ್ರಕಾರ ತಂದೆತಾಯಿಂದ ಬಂದ ಆಸ್ತಿ ಗಂಡಗ ಹೋಗಂಗಿಲ್ಲ, ತಂದೆಯ ವಾರಸುದಾರರಿಗೇ ತಿರುಗಿ ಬರತದ. ಚಿಕ್ಕಪ್ಪಗ ಇದನ್ನ ಸಮಾಧಾನದಿಂದ ಹೇಳು. ಅಜ್ಜನ ಹೊಲದ ವಿಭಾಗ ಪತ್ರಕ್ಕ ಅವರೂ ಸಹಿ ಮಾಡಬೇಕಾದವರು.

— ನಾಡಕಚೇರಿಗೆ ಏನೇನು ಒಯ್ಯಲಿ?

— ಅಪ್ಪನ ಮರಣ ಪ್ರಮಾಣಪತ್ರ. ಅಜ್ಜಂದು ನೋಂದಣಿ ಆಗಿಲ್ಲ ಅಂದ್ರ ಆ ಅರ್ಜಿ ಮೊದಲು, ವರ್ಷ ದಾಟಿದ ಸಾವಿಗೆ ಅಧಿಕಾರಿ ಆದೇಶ ಬೇಕಾಗತದ, ಅದಕ್ಕೇ ತಡ. ಅಜ್ಜಿ, ಅತ್ತೆ, ಚಿಕ್ಕಪ್ಪ, ಅವ್ವ, ನೀವು ಮೂವರು, ಎಲ್ಲರ ಆಧಾರ್. ಪಹಣಿಯಾಗಿನ ಹೆಸರು, ಆಧಾರದಾಗಿನ ಹೆಸರು ಒಂದೇ ಅವ ಏನು ಅಂತ ಅಕ್ಷರ ಅಕ್ಷರ ಹೋಲಿಸಿ ನೋಡು. ನಿಜಾಮರ ಕಾಲದ ಉರ್ದು ಕಾಗದದಿಂದ ಕನ್ನಡಕ್ಕ ಬರುವಾಗ ಅಜ್ಜನಂಥವರ ಹೆಸರು ಎಷ್ಟೋ ಕಡೆ ಮಾರ್ಪಟ್ಟಾವ. ಖಾಸರಾ ಪಹಣಿ ಅನ್ನೋ ಹಳೇ ದಾಖಲೆಯ ನಕಲು ತಹಶೀಲ್ದಾರ್ ಕಚೇರಿ ದಾಖಲೆ ಕೋಣೆಯಾಗ ಕೇಳು. ಹೋಗೋದಕ್ಕ ಮೊದಲು ಹುಮ್ನಾಬಾದಿಗೆ ಫೋನ್ ಮಾಡು. ಅತ್ತೆಗೆ ಮೊದಲು ನೀ ಹೇಳು, ಆಮ್ಯಾಲ ಅಣ್ಣಗ.